ವೈದ್ಯರೇ ಅಮಲಿನ ಮದ್ದು ಕೊಡಬಹುದೇ? – ಒಂದು ಶತಮಾನದ ಚರ್ಚೆ



ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ಹೆರಾಯಿನ್ ಚಟಕ್ಕೆ ಬಿದ್ದ ಇಪ್ಪತ್ತೈದು ವರ್ಷದ ಯುವಕನೊಬ್ಬ ವೈದ್ಯರ ಮುಂದೆ ಬಂದು ಕುಳಿತಿದ್ದಾನೆ ಎಂದು ಭಾವಿಸಿ. ಚಟ ಬಿಡಲು ಆತ ಮೂರು ಬಾರಿ ಪ್ರಯತ್ನಿಸಿದ್ದಾನೆ. ಮೂರು ಬಾರಿಯೂ ಸೋತಿದ್ದಾನೆ. ಬೀದಿಯಲ್ಲಿ ಕೊಂಡ ಪುಡಿಯನ್ನು ಇನ್ನೊಬ್ಬರು ಬಳಸಿದ ಸೂಜಿಯಿಂದ ಚುಚ್ಚಿಕೊಳ್ಳುತ್ತಾನೆ. ಹಣ ಹೊಂದಿಸಲು ಕಳ್ಳತನಕ್ಕೂ ಇಳಿದಿದ್ದಾನೆ. ಇಂಥವನಿಗೆ ವೈದ್ಯರು ತಮ್ಮ ಕೈಯಾರೆ ಅದೇ ವರ್ಗದ ಮದ್ದನ್ನು, ಅಳತೆ ಮಾಡಿ, ದಿನವೂ ಕೊಡಬಹುದೇ?

'ಎಲ್ಲಾದರೂ ಉಂಟೇ! ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು' ಎಂದು ನಿಮ್ಮಲ್ಲಿ ಹಲವರು ಹೇಳಬಹುದು. ಅದು ಸಹಜವೇ. ಆದರೆ ಈ ಪ್ರಶ್ನೆ ಹೊಸದಲ್ಲ. ನೂರು ವರ್ಷಗಳಿಂದ ವೈದ್ಯರು, ನ್ಯಾಯಾಧೀಶರು, ಪೊಲೀಸರು, ಮಂತ್ರಿಗಳು ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದ್ದಾರೆ. ಪ್ರತಿಯೊಂದು ಉತ್ತರದ ಫಲವನ್ನೂ ಅನುಭವಿಸಿದವರು ಇಂಥ ಯುವಕರು ಮತ್ತು ಅವರ ಮನೆಯವರು. ಆ ಚರಿತ್ರೆಯನ್ನು ಒಮ್ಮೆ ಅವಲೋಕಿಸೋಣ.

ಗಸಗಸೆಯಿಂದ ಹೆರಾಯಿನ್‌ವರೆಗೆ

ಹಬ್ಬದ ದಿನ ನೀವು ಗಸಗಸೆ ಪಾಯಸ ಸವಿದಿರುತ್ತೀರಿ. ಆ ಗಸಗಸೆಯ ಗಿಡವೇ ಅಫೀಮಿನ ಗಿಡವೂ ಹೌದು. ಎಳೆಯ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಬಲಿತ ಕಾಯಿಯೊಳಗಿನ ಬೀಜ ನಮ್ಮ ಅಡುಗೆಮನೆಯ ಗಸಗಸೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧ ತಯಾರಕ ಅಫೀಮಿನಿಂದ ಮಾರ್ಫಿನ್ ಎಂಬ ಸಾರವನ್ನು ಬೇರ್ಪಡಿಸಿದ. 1874ರಲ್ಲಿ ಲಂಡನ್ನಿನಲ್ಲಿ ಮಾರ್ಫಿನ್‌ನಿಂದ ಇನ್ನೊಂದು ವಸ್ತುವನ್ನು ತಯಾರಿಸಲಾಯಿತು. ಅದನ್ನೇ 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಕೆಮ್ಮಿನ ಔಷಧವಾಗಿ ಮಾರುಕಟ್ಟೆಗೆ ತಂದಿತು. ಅದಕ್ಕಿಟ್ಟ ಹೆಸರು 'ಹೆರಾಯಿನ್'.

ಈ ವರ್ಗದ ಔಷಧಗಳು ನೋವನ್ನು ಅಡಗಿಸುವುದರಲ್ಲಿ ಎತ್ತಿದ ಕೈ. ಆದರೆ ಸತತವಾಗಿ ಸೇವಿಸಿದರೆ ದೇಹ ಇವುಗಳಿಗೆ ಹೊಂದಿಕೊಂಡುಬಿಡುತ್ತದೆ. ದಿನ ಕಳೆದಂತೆ ಅದೇ ಪ್ರಮಾಣ ಸಾಲದಾಗುತ್ತದೆ. ಮದ್ದು ತಪ್ಪಿದರೆ ಮೈಕೈ ನೋವು, ಬೆವರು, ವಾಂತಿ, ಭೇದಿ, ನಿದ್ರಾಹೀನತೆ ಕಾಡುತ್ತವೆ. ಆಗ ವ್ಯಸನಿ ಮದ್ದನ್ನು ಹುಡುಕುವುದು ಸುಖಕ್ಕಾಗಿ ಅಲ್ಲ, ಆ ಯಾತನೆಯಿಂದ ಪಾರಾಗುವುದಕ್ಕಾಗಿ. ಪ್ರಮಾಣ ಮೀರಿದರೆ ಉಸಿರಾಟವೇ ನಿಂತು ಸಾವು ಬರುತ್ತದೆ. ಬೀದಿಯಲ್ಲಿ ಕೊಂಡ ಪುಡಿಯಲ್ಲಿ ಹೆರಾಯಿನ್ ಎಷ್ಟು, ಕಲಬೆರಕೆ ಎಷ್ಟು ಎಂಬುದು ಕೊಂಡವನಿಗೂ ತಿಳಿಯದು, ಅನೇಕ ವೇಳೆ ಮಾರಿದವನಿಗೂ ತಿಳಿಯದು. ಮುಂದಿನ ಚರ್ಚೆಯೆಲ್ಲ ನಿಂತಿರುವುದು ಈ ಅಂಶದ ಮೇಲೆ.

ಬೊಕ್ಕಸಕ್ಕಾಗಿ ಮಾರಿದ ಅಫೀಮು

ಅಫೀಮನ್ನು ಸರಕಾರವೇ ಪೂರೈಸಿದ ಉದಾಹರಣೆ ಬೇಕೆಂದರೆ ನಾವು ದೂರ ಹೋಗಬೇಕಿಲ್ಲ. 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ಅಫೀಮಿನ ಮೇಲೆ ಏಕಸ್ವಾಮ್ಯ ಸ್ಥಾಪಿಸಿತು. ಪಾಟ್ನಾ ಮತ್ತು ಘಾಜಿಪುರಗಳಲ್ಲಿ ಸಿದ್ಧವಾದ ಅಫೀಮು ಚೀನಾಕ್ಕೆ ಹೋಯಿತು. ದೇಶದೊಳಗೂ ಪರವಾನಗಿ ಪಡೆದ ಅಂಗಡಿಗಳಲ್ಲಿ ಮಾರಾಟವಾಯಿತು. ಇಂಗ್ಲೆಂಡಿನಲ್ಲೇ ಇದಕ್ಕೆ ವಿರೋಧ ಎದ್ದಾಗ 1893ರಲ್ಲಿ ಒಂದು ರಾಯಲ್ ಆಯೋಗ ನೇಮಕವಾಯಿತು. ಅದು ಏಳುನೂರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ 1895ರಲ್ಲಿ ವರದಿ ನೀಡಿತು. ಭಾರತೀಯರು ಅಫೀಮನ್ನು ಬಹುಮಟ್ಟಿಗೆ ಮಿತವಾಗಿ ಬಳಸುತ್ತಾರೆ, ನಿಷೇಧದ ಅಗತ್ಯವಿಲ್ಲ ಎಂಬುದು ಅದರ ಒಟ್ಟು ಅಭಿಪ್ರಾಯವಾಗಿತ್ತು. ಅಫೀಮಿನಿಂದ ಬರುತ್ತಿದ್ದ ದೊಡ್ಡ ಆದಾಯವೂ ಆಯೋಗದ ಪರಿಶೀಲನೆಯಲ್ಲಿ ಸೇರಿತ್ತು.

ಇದನ್ನು ಚಿಕಿತ್ಸೆ ಎನ್ನಲಾಗದು, ಇದು ವ್ಯಾಪಾರ. ಇಲ್ಲಿ ಕೊಳ್ಳುವವನು ಹೆಚ್ಚು ಸೇವಿಸಿದಷ್ಟೂ ಕೊಡುವವನಿಗೆ ಲಾಭ. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಮತ್ತೆ ಬೇಕಾಗುತ್ತದೆ.

ಎರಡು ದೇಶ, ಎರಡು ದಾರಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕಾ ಮತ್ತು ಬ್ರಿಟನ್ ಎರಡೂ ಅಫೀಮು ವರ್ಗದ ಔಷಧಗಳಿಗೆ ಕಡಿವಾಣ ಹಾಕಿದವು. ಆದರೆ ಆಗಲೇ ವ್ಯಸನಿಗಳಾದವರನ್ನು ಏನು ಮಾಡಬೇಕು ಎಂಬಲ್ಲಿ ಎರಡು ದೇಶಗಳ ದಾರಿ ಕವಲೊಡೆಯಿತು.

ಅಮೆರಿಕಾದಲ್ಲಿ 1914ರ ಡಿಸೆಂಬರಿನಲ್ಲಿ ಹ್ಯಾರಿಸನ್ ಕಾಯಿದೆ ಅಂಗೀಕಾರವಾಯಿತು. ವೈದ್ಯರು ವೃತ್ತಿಧರ್ಮದೊಳಗೆ ಈ ಔಷಧಗಳನ್ನು ಕೊಡಬಹುದು ಎಂದು ಕಾಯಿದೆ ಹೇಳುತ್ತಿತ್ತು. ಆದರೆ 1919ರಲ್ಲಿ ಸುಪ್ರೀಂ ಕೋರ್ಟ್ ವೆಬ್ ಎಂಬ ವೈದ್ಯರ ಮೊಕದ್ದಮೆಯಲ್ಲಿ ಒಂದು ಮಹತ್ವದ ತೀರ್ಪು ಕೊಟ್ಟಿತು. ವ್ಯಸನಿಯ ಚಟವನ್ನು ನಡೆಸಿಕೊಂಡು ಹೋಗಲೆಂದು ಬರೆದ ಚೀಟಿ ಔಷಧದ ಚೀಟಿಯೇ ಅಲ್ಲ ಎಂಬುದು ಅದರ ತಾತ್ಪರ್ಯ. ವೈದ್ಯರು ಹೆದರಿ ಹಿಂದೆ ಸರಿದರು. ದಿಕ್ಕು ಕಾಣದ ವ್ಯಸನಿಗಳಿಗಾಗಿ ಸುಮಾರು ನಲವತ್ತು ಊರುಗಳಲ್ಲಿ ಸಾರ್ವಜನಿಕ ಚಿಕಿತ್ಸಾಲಯಗಳು ತೆರೆದವು. ಕೆಲವು ಅವ್ಯವಸ್ಥೆಯ ಗೂಡಾಗಿದ್ದವು, ಕೆಲವು ಅಚ್ಚುಕಟ್ಟಾಗಿ ನಡೆಯುತ್ತಿದ್ದವು. ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ನಗರದಲ್ಲಿ ಡಾ. ವಿಲ್ಲಿಸ್ ಬಟ್ಲರ್ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ಊರಿನವರ ಬೆಂಬಲವಿತ್ತು. ಆದರೂ ಕೇಂದ್ರದ ಅಧಿಕಾರಿಗಳು ಒಂದೊಂದಾಗಿ ಎಲ್ಲವನ್ನೂ ಮುಚ್ಚಿಸಿದರು. ಶ್ರೀವ್‌ಪೋರ್ಟಿನದು 1923ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಮುಂದೆ ನಾಲ್ಕು ದಶಕಗಳ ಕಾಲ ಅಮೆರಿಕಾದ ವ್ಯಸನಿಗೆ ಬಹುಮಟ್ಟಿಗೆ ಉಳಿದದ್ದು ಕಳ್ಳ ಮಾರುಕಟ್ಟೆ, ಇಲ್ಲವೇ ಸೆರೆಮನೆ.

ಬ್ರಿಟನ್ ಇದೇ ಪ್ರಶ್ನೆಯನ್ನು ವೈದ್ಯರ ಸಮಿತಿಯೊಂದರ ಮುಂದಿಟ್ಟಿತು. ಸರ್ ಹಂಫ್ರಿ ರೋಲ್‌ಸ್ಟನ್ ಅಧ್ಯಕ್ಷತೆಯ ಆ ಸಮಿತಿ 1926ರಲ್ಲಿ ವರದಿ ಕೊಟ್ಟಿತು. ಎರಡು ಸಂದರ್ಭಗಳಲ್ಲಿ ವೈದ್ಯರು ವ್ಯಸನಿಗೆ ಮಾರ್ಫಿನ್ ಅಥವಾ ಹೆರಾಯಿನ್ ಕೊಡಬಹುದು ಎಂದು ಅದು ಹೇಳಿತು. ಒಂದು, ಹಂತಹಂತವಾಗಿ ಪ್ರಮಾಣ ತಗ್ಗಿಸಿ ಚಟ ಬಿಡಿಸುವಾಗ. ಎರಡು, ಪೂರ್ತಿ ನಿಲ್ಲಿಸುವುದು ಸಾಧ್ಯವಾಗದೆ, ಅಲ್ಪ ಪ್ರಮಾಣ ಸಿಕ್ಕರೆ ಮಾತ್ರ ಉಪಯುಕ್ತವಾದ ಸಾಮಾನ್ಯ ಬದುಕು ನಡೆಸಬಲ್ಲವರಿದ್ದಾಗ. ಮುಂದೆ ಇದಕ್ಕೆ 'ಬ್ರಿಟಿಷ್ ಪದ್ಧತಿ' ಎಂಬ ಹೆಸರು ಬಂತು.

ಹಲವು ದಶಕ ಈ ಪದ್ಧತಿ ಸದ್ದಿಲ್ಲದೆ ನಡೆಯಿತು. ಆದರೆ ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಆತುರದ ತೀರ್ಮಾನಕ್ಕೆ ಬರಬಾರದು. ಆಗ ಬ್ರಿಟನ್ನಿನಲ್ಲಿದ್ದ ವ್ಯಸನಿಗಳು ಕೆಲವೇ ನೂರು ಮಂದಿ. ಅವರಲ್ಲಿ ಬಹುಪಾಲು ನಡುವಯಸ್ಸಿನವರು. ಕಾಯಿಲೆಗೆ ತೆಗೆದುಕೊಂಡ ಮಾರ್ಫಿನ್‌ನಿಂದ ಅಭ್ಯಾಸವಾದವರು, ಕೆಲವರು ಸ್ವತಃ ವೈದ್ಯರು. ನೀತಿ ಒಳ್ಳೆಯದಿದ್ದುದರಿಂದ ವ್ಯಸನಿಗಳು ಕಡಿಮೆಯಿದ್ದರೋ, ವ್ಯಸನಿಗಳು ಕಡಿಮೆಯಿದ್ದುದರಿಂದ ನೀತಿ ಸುಗಮವಾಗಿ ನಡೆಯಿತೋ ಎಂಬುದು ಇಂದಿಗೂ ಚರ್ಚೆಯ ವಿಷಯ.

1960ರ ದಶಕದಲ್ಲಿ ಪದ್ಧತಿಯ ಬಿರುಕು ಬಯಲಾಯಿತು. ಯುವಕರು ಹೆರಾಯಿನ್‌ನತ್ತ ತಿರುಗಿದರು. ಲಂಡನ್ನಿನ ಬೆರಳೆಣಿಕೆಯ ವೈದ್ಯರು ಕೇಳಿದವರಿಗೆ ಕೇಳಿದಷ್ಟು ಬರೆದುಕೊಟ್ಟರು. 1962ರಲ್ಲಿ ಒಬ್ಬರೇ ವೈದ್ಯರು ಸುಮಾರು 6 ಲಕ್ಷ ಹೆರಾಯಿನ್ ಮಾತ್ರೆಗಳಿಗೆ, ಅಂದರೆ 6 ಕಿಲೋಗ್ರಾಂ ಮದ್ದಿಗೆ, ಚೀಟಿ ಬರೆದಿದ್ದರೆಂದು 1965ರ ಸರಕಾರಿ ಸಮಿತಿಯೊಂದು ಬಹಿರಂಗಪಡಿಸಿತು. ಹೆಚ್ಚುವರಿ ಮಾತ್ರೆಗಳು ಬೀದಿಗೆ ಬಂದು ಹೊಸಬರ ಕೈ ಸೇರಿದವು. ಸರಕಾರ 1967ರಲ್ಲಿ ಕಾಯಿದೆ ಬದಲಿಸಿತು. 1968ರಿಂದ ವಿಶೇಷ ಪರವಾನಗಿ ಪಡೆದ ವೈದ್ಯರು ಮಾತ್ರ ವ್ಯಸನಿಗಳಿಗೆ ಹೆರಾಯಿನ್ ಬರೆಯಬಹುದೆಂದಾಯಿತು. ಒಬ್ಬ ವ್ಯಸನಿಗೆ ಕರುಣೆಯಿಂದ ಕೊಟ್ಟ ಮದ್ದು, ಲೆಕ್ಕ ತಪ್ಪಿದರೆ, ಇನ್ನೊಬ್ಬ ಹೊಸ ವ್ಯಸನಿಯನ್ನು ಸೃಷ್ಟಿಸಬಲ್ಲದು ಎಂಬ ಪಾಠವನ್ನು ಬ್ರಿಟನ್ ಹೀಗೆ ಕಲಿಯಿತು.

ದಿನಕ್ಕೊಂದು ಗುಟುಕು

ಅಷ್ಟರಲ್ಲಿ ಅಮೆರಿಕಾದಲ್ಲೇ ಒಂದು ಹೊಸ ಪ್ರಯೋಗ ನಡೆದಿತ್ತು. 1964ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಡಾ. ವಿನ್ಸೆಂಟ್ ಡೋಲ್ ಮತ್ತು ಮನೋವೈದ್ಯೆ ಡಾ. ಮೇರಿ ನಿಸ್ವಾಂಡರ್ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ಔಷಧ ಕೊಟ್ಟು ನೋಡಿದರು. ಜರ್ಮನಿಯಲ್ಲಿ ನೋವು ನಿವಾರಕವಾಗಿ ತಯಾರಾಗಿದ್ದ ಇದೂ ಅಫೀಮು ವರ್ಗದ್ದೇ. ಆದರೆ ಹೆರಾಯಿನ್‌ನ ಪ್ರಭಾವ ಕೆಲವೇ ಗಂಟೆಗಳದು. ಹೀಗಾಗಿ ವ್ಯಸನಿಯ ದಿನವೆಲ್ಲ ಅಮಲು ಮತ್ತು ಯಾತನೆಗಳ ನಡುವೆ ತೂಗುತ್ತಿರುತ್ತದೆ. ಮೆಥಡೋನನ್ನಾದರೋ ದಿನಕ್ಕೊಮ್ಮೆ ಬಾಯಿಯಿಂದ ಕುಡಿದರೆ ಸಾಕು. ಸರಿಯಾದ ಪ್ರಮಾಣದಲ್ಲಿ ಅದು ಯಾತನೆಯನ್ನು ತಡೆಯುತ್ತದೆ, ಅಮಲೇರಿಸುವುದಿಲ್ಲ. ಸೂಜಿಯ ಗೊಡವೆಯೂ ಇಲ್ಲ.

1965ರಲ್ಲಿ ಅವರು 22 ರೋಗಿಗಳ ಅನುಭವವನ್ನು ಪ್ರಕಟಿಸಿದರು. ಮುಂದಿನ ಮದ್ದಿಗಾಗಿ ಅಲೆಯುವುದರಲ್ಲೇ ದಿನ ಕಳೆಯುತ್ತಿದ್ದವರಲ್ಲಿ ಹಲವರು ಓದಿಗೆ, ಕೆಲಸಕ್ಕೆ, ಮನೆಗೆ ಮರಳಿದ್ದರು. 'ಒಂದು ಚಟ ಬಿಡಿಸಿ ಇನ್ನೊಂದನ್ನು ಅಂಟಿಸಿದಿರಿ' ಎಂದು ಟೀಕಾಕಾರರು ಮೂದಲಿಸಿದರು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಹೇಗೋ ಇವರಿಗೆ ಇದು ಹಾಗೆ ಎಂಬುದು ಬೆಂಬಲಿಗರ ಸಮರ್ಥನೆ. ಮೆಥಡೋನ್ ನಿರಪಾಯಕಾರಿ ಏನಲ್ಲ. ಪ್ರಮಾಣ ಮೀರಿದರೆ ಅದೂ ಕೊಲ್ಲುತ್ತದೆ. ಆದ್ದರಿಂದಲೇ ಆರಂಭದಲ್ಲಿ ಅದನ್ನು ದಾದಿಯರ ಕಣ್ಣೆದುರಿನಲ್ಲೇ ಕುಡಿಯಬೇಕೆಂಬ ನಿಯಮ.

ಆಮೇಲೆ ಬುಪ್ರೆನಾರ್ಫಿನ್ ಎಂಬ ಇನ್ನೊಂದು ಔಷಧ ಬಂತು. ಇದರ ಪ್ರಭಾವ ಒಂದು ಮಟ್ಟದವರೆಗೆ ಏರಿ ಅಲ್ಲಿಗೇ ನಿಲ್ಲುವುದರಿಂದ ಉಸಿರು ನಿಲ್ಲುವ ಅಪಾಯ ಕಡಿಮೆ. ಫ್ರಾನ್ಸ್ ದೇಶ 1996ರಲ್ಲಿ ಸಾಮಾನ್ಯ ವೈದ್ಯರೂ ಇದನ್ನು ವ್ಯಸನಿಗಳಿಗೆ ಬರೆಯುವ ವ್ಯವಸ್ಥೆ ಮಾಡಿತು. 1995ರಿಂದ 1999ರೊಳಗೆ ಅಲ್ಲಿ ಪ್ರಮಾಣ ಮೀರಿದ ಸೇವನೆಯಿಂದಾಗುವ ಸಾವುಗಳು ಸುಮಾರು ಐದರಲ್ಲಿ ಒಂದು ಭಾಗಕ್ಕೆ ಇಳಿದವು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡೂ ಔಷಧಗಳನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಜೂರಿಚ್ ನಗರದ ಉದ್ಯಾನ

ಈಗ ಸ್ವಿಟ್ಜರ್ಲೆಂಡಿಗೆ ಬರೋಣ. ಅಚ್ಚುಕಟ್ಟಿಗೆ, ಶ್ರೀಮಂತಿಕೆಗೆ ಹೆಸರಾದ ಜೂರಿಚ್ ನಗರ. ಅಲ್ಲಿನ ಮುಖ್ಯ ರೈಲು ನಿಲ್ದಾಣದ ಬಳಿ, ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹಿಂದೆ, ಪ್ಲಾಟ್ಸ್‌ಪಿಟ್ಸ್ ಎಂಬ ಉದ್ಯಾನವಿದೆ. 1980ರ ದಶಕದ ಕೊನೆಯಲ್ಲಿ ದಿನವೂ ಸಾವಿರಾರು ವ್ಯಸನಿಗಳು ಅಲ್ಲಿ ಬಹಿರಂಗವಾಗಿ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದರು. ಪತ್ರಿಕೆಗಳು ಅದನ್ನು 'ಸೂಜಿ ಉದ್ಯಾನ' ಎಂದು ಕರೆದವು. ಹಂಚಿಕೊಂಡ ಸೂಜಿಗಳಿಂದ ಏಡ್ಸ್ ಹರಡುತ್ತಿತ್ತು. ವೈದ್ಯರ ತಂಡವೊಂದು ಉದ್ಯಾನದಲ್ಲೇ ಬೀಡುಬಿಟ್ಟು ಶುದ್ಧ ಸಿರಿಂಜುಗಳನ್ನು ಹಂಚುತ್ತ, ಉಸಿರು ನಿಂತವರನ್ನು ಬದುಕಿಸುತ್ತ ಇತ್ತು. 1992ರ ಫೆಬ್ರವರಿಯಲ್ಲಿ ನಗರಾಡಳಿತ ಉದ್ಯಾನವನ್ನು ಮುಚ್ಚಿತು. ಗುಂಪು ಕರಗಲಿಲ್ಲ, ಸಮೀಪದ ಲೆಟ್ಟನ್ ಎಂಬ ಪಾಳು ರೈಲು ನಿಲ್ದಾಣಕ್ಕೆ ಹೋಗಿ ಸೇರಿತು. ಓಡಿಸಿದರೆ ವ್ಯಸನಿ ಜಾಗ ಬದಲಿಸುತ್ತಾನೆ, ಚಟವನ್ನಲ್ಲ ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಸ್ವಿಸ್ ಸರಕಾರ ಆಗ ನಾಲ್ಕು ಕಂಬಗಳ ನೀತಿಯೊಂದನ್ನು ರೂಪಿಸಿತು: ತಡೆಗಟ್ಟುವಿಕೆ, ಚಿಕಿತ್ಸೆ, ಹಾನಿ ತಗ್ಗಿಸುವಿಕೆ ಮತ್ತು ಕಾನೂನಿನ ಕ್ರಮ. ಚಟ ಬಿಡಲಾಗದವನೂ ಅಲ್ಲಿಯವರೆಗೆ ಸಾಯದಂತೆ, ರೋಗ ಅಂಟಿಸಿಕೊಳ್ಳದಂತೆ, ಇತರರಿಗೆ ಕೇಡಾಗದಂತೆ ನೋಡಿಕೊಳ್ಳುವುದೇ ಹಾನಿ ತಗ್ಗಿಸುವಿಕೆ. ಗೃಹಖಾತೆಯ ಹೊಣೆ ಹೊತ್ತಿದ್ದ ರೂತ್ ಡ್ರೈಫಸ್ ಎಂಬ ಮಹಿಳೆ ಈ ನೀತಿಗೆ ಬೆನ್ನೆಲುಬಾಗಿ ನಿಂತರು. 1994ರ ಜನವರಿಯಲ್ಲಿ ಸರಕಾರದ ಚಿಕಿತ್ಸಾಲಯಗಳಲ್ಲಿ ವೈದ್ಯರೇ ಶುದ್ಧ ಹೆರಾಯಿನ್ ಕೊಡುವ ಪ್ರಯೋಗ ಆರಂಭವಾಯಿತು. ಮರುವರ್ಷ ಲೆಟ್ಟನ್ ನಿಲ್ದಾಣವನ್ನು ತೆರವುಗೊಳಿಸಿದಾಗ ಹೊರಬಿದ್ದವರಿಗೆ ಹೋಗಲು ಒಂದು ಬಾಗಿಲು ತೆರೆದಿತ್ತು.

ಆ ಬಾಗಿಲೊಳಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಮುಂದೆ ಕಾನೂನಿನಲ್ಲಿ ಖಚಿತಗೊಂಡ ಷರತ್ತುಗಳಂತೆ ರೋಗಿಗೆ 18 ವರ್ಷ ತುಂಬಿರಬೇಕು. ಕನಿಷ್ಠ ಎರಡು ವರ್ಷ ತೀವ್ರ ವ್ಯಸನಿಯಾಗಿರಬೇಕು. ಬೇರೆ ಚಿಕಿತ್ಸೆಗಳು ಕನಿಷ್ಠ ಎರಡು ಬಾರಿ ವಿಫಲವಾಗಿರಬೇಕು. ರೋಗಿ ದಿನವೂ ಚಿಕಿತ್ಸಾಲಯಕ್ಕೆ ಬಂದು ದಾದಿಯರ ಎದುರಿನಲ್ಲೇ ಮದ್ದು ತೆಗೆದುಕೊಳ್ಳಬೇಕಿತ್ತು. ಜೊತೆಗೆ ವೈದ್ಯಕೀಯ ತಪಾಸಣೆ, ಮನೆ ಮತ್ತು ಕೆಲಸ ಹುಡುಕಲು ನೆರವು.

ಫಲಿತಾಂಶವೇನು? ಮೊದಲ ಮೂರು ವರ್ಷಗಳಲ್ಲಿ ಸುಮಾರು 1,100 ಮಂದಿ ಪ್ರಯೋಗಕ್ಕೆ ಸೇರಿದರು. ಹದಿನೆಂಟು ತಿಂಗಳು ಉಳಿದವರಲ್ಲಿ, ಅಕ್ರಮ ಮತ್ತು ಅರೆ ಅಕ್ರಮ ಮಾರ್ಗಗಳಿಂದ ಹಣ ಗಳಿಸುತ್ತಿದ್ದವರು ನೂರಕ್ಕೆ 69ರಿಂದ 10ಕ್ಕೆ ಇಳಿದರು. ಖಾಯಂ ಉದ್ಯೋಗದಲ್ಲಿದ್ದವರು 14ರಿಂದ 32ಕ್ಕೆ ಏರಿದರು. ಆದರೆ 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ ತಜ್ಞರು ಒಂದು ನ್ಯಾಯವಾದ ಆಕ್ಷೇಪ ಎತ್ತಿದರು: ಈ ಸುಧಾರಣೆ ಹೆರಾಯಿನ್‌ನಿಂದ ಬಂದದ್ದೋ, ಜೊತೆಗೆ ಕೊಟ್ಟ ಆರೈಕೆಯಿಂದ ಬಂದದ್ದೋ ಹೇಳಲಾಗದು, ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಲು ನೆದರ್ಲೆಂಡ್ಸ್, ಜರ್ಮನಿ, ಕೆನಡಾಗಳಲ್ಲಿ ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ ಪರೀಕ್ಷೆಗಳು ನಡೆದವು. 2009ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಚಿಕಿತ್ಸೆಯ ಸಂಪರ್ಕದಲ್ಲಿ ಉಳಿದವರು ಹೆರಾಯಿನ್ ಗುಂಪಿನಲ್ಲಿ ನೂರಕ್ಕೆ ಸುಮಾರು 88, ಮೆಥಡೋನ್ ಗುಂಪಿನಲ್ಲಿ 54.

ಸ್ವಿಟ್ಜರ್ಲೆಂಡಿನಲ್ಲಿ ಕೊನೆಯ ತೀರ್ಪು ಜನರದೇ. ಜನಮತಗಣನೆಯಲ್ಲಿ 1997ರಲ್ಲಿ ಈ ನೀತಿಯನ್ನು ಕೈಬಿಡಬೇಕೆಂಬ ಸೂಚನೆಯನ್ನು ಅವರು ತಳ್ಳಿಹಾಕಿದರು. ಮರುವರ್ಷ, ಎಲ್ಲ ಮಾದಕ ವಸ್ತುಗಳನ್ನೂ ಕಾನೂನುಬದ್ಧ ಮಾಡಬೇಕೆಂಬ ಸೂಚನೆಯನ್ನೂ ಅಷ್ಟೇ ದೃಢವಾಗಿ ತಳ್ಳಿಹಾಕಿದರು. 2008ರ ನವೆಂಬರ್ 30ರಂದು ನೂರಕ್ಕೆ 68 ಮತಗಳಿಂದ ವೈದ್ಯರು ಹೆರಾಯಿನ್ ಕೊಡುವ ವ್ಯವಸ್ಥೆಯನ್ನು ಕಾನೂನಿನಲ್ಲಿ ಸ್ಥಿರಪಡಿಸಿದರು. ಹೆರಾಯಿನ್ ಸುಲಭವಾಗಿ ಸಿಕ್ಕರೆ ಯುವಕರು ಮುಗಿಬೀಳುತ್ತಾರೆಂಬ ಭಯವಿತ್ತಲ್ಲವೇ? ಜೂರಿಚ್ ಪ್ರಾಂತ್ಯದಲ್ಲಿ ಹೊಸದಾಗಿ ಹೆರಾಯಿನ್ ಹಿಡಿದವರ ಅಂದಾಜು ಸಂಖ್ಯೆ 1990ರಲ್ಲಿ 850 ಇದ್ದದ್ದು 2002ರಲ್ಲಿ 150ಕ್ಕೆ ಇಳಿಯಿತು. ಅದಕ್ಕೆ ಕಾರಣಗಳು ಹಲವಿರಬಹುದು. ಏರಲಿಲ್ಲ ಎಂಬುದು ಮಾತ್ರ ಸ್ಪಷ್ಟ.

ಎಚ್ಚರಿಕೆಯ ಗಂಟೆ

ಹಾಗಾದರೆ ಧಾರಾಳವಾಗಿ ಕೊಟ್ಟರೆ ಸರಿಯೇ? ಇಲ್ಲ. ಅಮೆರಿಕಾದ ಇನ್ನೊಂದು ಕಥೆ ಕೇಳಿ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಅಫೀಮು ವರ್ಗದ ನೋವಿನ ಮಾತ್ರೆ ಮಾರುಕಟ್ಟೆಗೆ ಬಂತು. ಇದರಿಂದ ಚಟ ಹತ್ತುವ ಸಂಭವ ಕಡಿಮೆ ಎಂದು ಪ್ರಚಾರವಾಯಿತು. ಆ ಪ್ರಚಾರ ದಾರಿ ತಪ್ಪಿಸುವಂಥದೆಂದು ತಯಾರಕ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಅಪಾರ ಮಂದಿ ವ್ಯಸನಿಗಳಾಗಿದ್ದರು. ಮಾತ್ರೆಯಿಂದ ಬೀದಿಯ ಹೆರಾಯಿನ್, ಅಲ್ಲಿಂದ ಇನ್ನೂ ಉಗ್ರವಾದ ಫೆಂಟನಿಲ್. 2021ರಿಂದ 2023ರವರೆಗೆ ಅಮೆರಿಕಾದಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತವರು ಪ್ರತಿ ವರ್ಷ ಒಂದು ಲಕ್ಷಕ್ಕೂ ಹೆಚ್ಚು. ಘಾಜಿಪುರದ ಅಫೀಮಿನ ನೆನಪಾಗುತ್ತದೆಯೇ? ಇಲ್ಲಿಯೂ ಸೇವನೆ ಹೆಚ್ಚಿದಷ್ಟೂ ಕೊಡುವವನಿಗೆ ಲಾಭವಿತ್ತು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2020ರಿಂದ, ಬೀದಿಯ ವಿಷಕ್ಕೆ ಬದಲಾಗಿ ವೈದ್ಯರು ಬರೆದ ಮಾತ್ರೆಗಳನ್ನು ಮನೆಗೆ ಒಯ್ಯಲು ಬಿಟ್ಟಿತು. ಮಾತ್ರೆಗಳ ಒಂದು ಭಾಗ ಕಳ್ಳದಾರಿಯಲ್ಲಿ ಮಾರಾಟವಾಗುತ್ತಿದೆಯೆಂಬ ದೂರು ಬಲವಾಗಿ, 2025ರ ಫೆಬ್ರವರಿಯಲ್ಲಿ ಸಿಬ್ಬಂದಿಯ ಎದುರಿನಲ್ಲೇ ಸೇವಿಸಬೇಕೆಂಬ ನಿಯಮಕ್ಕೆ ಮರಳಿತು. 1960ರ ದಶಕದ ಲಂಡನ್ ಕಲಿತ ಪಾಠವನ್ನೇ ಮತ್ತೊಮ್ಮೆ ಕಲಿಯಬೇಕಾಯಿತು.

ನಮ್ಮ ದೇಶದಲ್ಲಿ

ಸ್ವಾತಂತ್ರ್ಯಾನಂತರ ಭಾರತ ಅಫೀಮಿನ ಅಂಗಡಿಗಳನ್ನು ಹಂತಹಂತವಾಗಿ ಮುಚ್ಚಿತು. 1959ರ ಹೊತ್ತಿಗೆ ನೋಂದಾಯಿತ ಹಳೆಯ ವ್ಯಸನಿಗಳನ್ನು ಬಿಟ್ಟು ಉಳಿದವರಿಗೆ ಪೂರೈಕೆ ನಿಂತಿತು. 1985ರಲ್ಲಿ ಮಾದಕ ವಸ್ತುಗಳ ಕಠಿಣ ಕಾಯಿದೆ ಬಂತು. ಅದರ ಶಿಕ್ಷೆಗಳ ಬಗ್ಗೆ ನೀವು ಕೇಳಿರುತ್ತೀರಿ. ಆದರೆ ಅದೇ ಕಾಯಿದೆಯ 71ನೆಯ ಕಲಂ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ವ್ಯಸನಿಗಳ ಚಿಕಿತ್ಸೆಗೆ ಕೇಂದ್ರಗಳನ್ನು ತೆರೆಯಲು, ನೋಂದಾಯಿತ ವ್ಯಸನಿಗಳಿಗೂ ವೈದ್ಯಕೀಯ ಅಗತ್ಯವುಳ್ಳವರಿಗೂ ನಿಯಮಾನುಸಾರ ಮದ್ದು ಪೂರೈಸಲು ಅದು ಸರಕಾರಕ್ಕೆ ಅಧಿಕಾರ ಕೊಡುತ್ತದೆ.

ಅದರ ಅಗತ್ಯವನ್ನು ತೋರಿಸಿಕೊಟ್ಟದ್ದು ಮಣಿಪುರ. ಗಡಿಯಾಚೆಯಿಂದ ಹೆರಾಯಿನ್ ಬರುತ್ತಿದ್ದ ಆ ರಾಜ್ಯದಲ್ಲಿ 1989ರ ಕೊನೆಯಿಂದ ಆರೇಳು ತಿಂಗಳೊಳಗೆ, ಸೂಜಿ ಬಳಸುತ್ತಿದ್ದ ವ್ಯಸನಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎಚ್‌.ಐ.ವಿ. ಅಂಟಿತ್ತು. 1990ರ ದಶಕದಲ್ಲಿ ದೆಹಲಿಯೇ ಮೊದಲಾದ ಕಡೆ ಬುಪ್ರೆನಾರ್ಫಿನ್ ಚಿಕಿತ್ಸೆ ಸಣ್ಣ ಪ್ರಮಾಣದಲ್ಲಿ ಆರಂಭವಾಯಿತು. 2007ರ ನಂತರ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಅದನ್ನು ತನ್ನ ಕಾರ್ಯಕ್ರಮದಲ್ಲೇ ಸೇರಿಸಿಕೊಂಡಿತು. 2012ರಲ್ಲಿ ಮೆಥಡೋನ್ ಪ್ರಯೋಗವೂ ಮೊದಲಾಯಿತು. ಪಂಜಾಬ್ 2017ರಲ್ಲಿ ಹೊರರೋಗಿಗಳಿಗಾಗಿಯೇ ಇಂಥ ಚಿಕಿತ್ಸಾಲಯಗಳನ್ನು ತೆರೆಯಿತು. ನಮ್ಮಲ್ಲಿ ವ್ಯಸನಿಗೆ ಹೆರಾಯಿನ್ ಕೊಡುವ ವ್ಯವಸ್ಥೆ ಇಲ್ಲ. ಕೊಡುವುದು ಈ ಬದಲಿ ಔಷಧಗಳನ್ನು.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಫೀಮು ವರ್ಗದ ವಸ್ತುಗಳ ಬಳಕೆಯಿಂದಾಗಿ ನೆರವಿನ ಅಗತ್ಯವಿರುವವರು ಸುಮಾರು 77 ಲಕ್ಷ. ಅವರೆಲ್ಲರನ್ನೂ ಮುಟ್ಟುವಷ್ಟು ಚಿಕಿತ್ಸೆ ನಮ್ಮಲ್ಲಿ ಇನ್ನೂ ಇಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ನಿಮ್ಮ ಗೆಳೆಯರಲ್ಲೋ ನೆಂಟರಲ್ಲೋ ಯಾರಾದರೂ ಈ ಬಲೆಯಲ್ಲಿ ಸಿಕ್ಕಿದ್ದರೆ 14416 ಸಂಖ್ಯೆಗೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ. ಮುಚ್ಚಿಡುವುದರಿಂದ ಯಾರಿಗೂ ಒಳಿತಿಲ್ಲ.

ಚರಿತ್ರೆ ಹೇಳುವುದೇನು?

ಈಗ ಆ ಇಪ್ಪತ್ತೈದರ ಯುವಕನ ಬಳಿಗೆ ಮರಳೋಣ. 1923ರ ಅಮೆರಿಕಾ ಅವನಿಗೆ ಬಾಗಿಲು ಮುಚ್ಚಿತು. ಅವನು ಬೀದಿಗೆ ಹೋದ. 1962ರ ಲಂಡನ್ ಅವನಿಗೆ ಲೆಕ್ಕವಿಲ್ಲದೆ ಕೊಟ್ಟಿತು. ಅವನ ಕೈಯಿಂದ ಇನ್ನೊಬ್ಬನಿಗೆ ಹೋಯಿತು. ಜೂರಿಚ್ ಅವನನ್ನು ದಿನವೂ ಬರಹೇಳಿತು, ಅಳೆದು ಕೊಟ್ಟಿತು, ಎದುರಿನಲ್ಲೇ ನಿಂತು ನೋಡಿತು, 'ಊಟವಾಯಿತೇ, ಕೆಲಸ ಸಿಕ್ಕಿತೇ' ಎಂದು ವಿಚಾರಿಸಿತು. ಅವರಲ್ಲಿ ಎಲ್ಲರೂ ಚಟ ಬಿಡಲಿಲ್ಲ. ಆದರೆ ಹೆಚ್ಚಿನವರು ಬದುಕಿ ಉಳಿದರು. ಉಳಿದದ್ದರಿಂದ ಕೆಲವರು ಮುಂದೊಂದು ದಿನ ಬಿಟ್ಟರು.

ಆದ್ದರಿಂದ 'ಕೊಡಬೇಕೇ, ಬೇಡವೇ' ಎಂದಷ್ಟೇ ಕೇಳಿದರೆ ಪ್ರಶ್ನೆ ಅರ್ಧವಾಗುತ್ತದೆ. ಯಾರು ಕೊಡುತ್ತಾರೆ, ಯಾರಿಗೆ ಕೊಡುತ್ತಾರೆ, ಯಾರ ಕಣ್ಣೆದುರು ಕೊಡುತ್ತಾರೆ, ಕೊಡುವುದರಿಂದ ಅವರಿಗೇನು ಲಾಭ ಎಂಬ ನಾಲ್ಕು ಪ್ರಶ್ನೆಗಳನ್ನೂ ಸೇರಿಸಿ ಕೇಳಬೇಕು. ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಈ ವಿಷಯ ಬಂದಾಗ ಪರವಾಗಿಯಾದರೂ ವಾದಿಸಿ, ವಿರೋಧವಾಗಿಯಾದರೂ ವಾದಿಸಿ. ಆದರೆ ವೇದಿಕೆ ಏರುವ ಮುನ್ನ ವೈದ್ಯರ ಮುಂದಿನ ಕುರ್ಚಿಯಲ್ಲಿ ಕುಳಿತ ಆ ಯುವಕನನ್ನು ಒಮ್ಮೆ ನೆನೆದುಕೊಳ್ಳಿ. ನಿಮ್ಮ ವಾದ ಗೆದ್ದರೆ, ಮರುದಿನ ಬೆಳಿಗ್ಗೆ ಅವನು ಎಲ್ಲಿಗೆ ಹೋಗಬೇಕು?